ಹೆಣ್ಣುಮಕ್ಕಳಿಗೆ ಬೆಟ್ಟದ ವಿದ್ಯೆ

ಲೆಕ್ಕ, ವ್ಯಾಕರಣ, ಹೊಲಿಗೆ, ಸಂಗೀತ ಇವುಗಳನ್ನು ಶಾಲೆಯಲ್ಲಿ ಯಾಕೆ ಕಲಿಸುತ್ತೀರಿ ಎಂದು ನಮ್ಮನ್ನು ಯಾರೂ ಕೇಳುವುದಿಲ್ಲ. ಆದರೆ ಬಾಲಕಿಯರನ್ನು ಗುಡ್ಡೆಗೆ ಕರೆದೊಯ್ದು ಬಂಡೆ ಹತ್ತುವುದನ್ನೂ ನಕ್ಷೆ ದಿಕ್ಸೂಚಿಗಳ ಸಹಾಯದಿಂದ ದಾರಿ ಕಂಡುಕೊಳ್ಳುವುದನ್ನೂ ಕಲಿಸಬೇಕೆಂದಾಗ, “ಇದರಿಂದ ಹೆಣ್ಣುಮಕ್ಕಳಿಗೆ ಏನು ಪ್ರಯೋಜನ? ಕೈಕಾಲು ಮುರಿದರೆ ಹೊಣೆ ಯಾರು?” ಎಂಬ ಪ್ರಶ್ನೆ ಏಳುತ್ತದೆ. ಈ ಪ್ರಶ್ನೆ ನ್ಯಾಯವಾದದ್ದೇ. ಆದಕಾರಣ ಈ ವಿದ್ಯೆಯು ಎಂಥದು, ಅದರ ನಿಯಮಗಳು ಯಾವುವು, ಅದು ಮಗುವಿನ ಅಪಾಯವನ್ನು ಹೆಚ್ಚಿಸುವುದೋ ತಗ್ಗಿಸುವುದೋ ಎಂಬುದನ್ನು ವಿವರಿಸಿ ಹೇಳುವುದು ನನ್ನ ಕರ್ತವ್ಯವೆಂದು ಎಣಿಸಿದ್ದೇನೆ.

ಅಲೆವೂರು, ಮಣಿಪಾಲ, ಕಾಪು, ಕಾರ್ಕಳ ಈ ಸೀಮೆಯವರಾದ ನಾವು ಸಮುದ್ರಕ್ಕೂ ಘಟ್ಟಕ್ಕೂ ನಡುವೆ ವಾಸಿಸುವವರು. ಮಳೆ ನಿಂತು ಆಕಾಶವು ತಿಳಿಯಾದ ದಿನ ಎತ್ತರದ ಪದವಿನ ಮೇಲೆ ನಿಂತರೆ ಪಡುವಣದಲ್ಲಿ ಕಡಲೂ ಮೂಡಣದಲ್ಲಿ ಘಟ್ಟದ ನೀಲಿ ಗೋಡೆಯೂ ಕಾಣುತ್ತವೆ. ಆ ಗೋಡೆಯಲ್ಲಿ 1,894 ಮೀಟರ್ ಎತ್ತರದ ಕುದುರೆಮುಖ ಶಿಖರವಿದೆ. ಹಿಂದಿನ ಕಾಲದ ನಾವಿಕರು ಕಡಲಿನಿಂದಲೇ ಅದನ್ನು ಗುರುತಿಟ್ಟು ಹಡಗು ನಡಿಸುತ್ತಿದ್ದರು. ಹೀಗೆ ಬೆಟ್ಟವು ನಮಗೆ ದೂರದ ವಸ್ತುವಲ್ಲ. ದಿನನಿತ್ಯವೂ ಕಣ್ಣೆದುರಿಗೆ ಇರತಕ್ಕದ್ದು.

ಬೆಟ್ಟ ಹತ್ತುವುದು ನಮ್ಮ ಹೆಂಗಸರಿಗೆ ಹೊಸ ಸಂಗತಿಯೂ ಅಲ್ಲ. ನಮ್ಮ ಅಜ್ಜಿಯರು ಹಟ್ಟಿಗೆ ಸೊಪ್ಪು, ಒಲೆಗೆ ಸೌದೆ, ದನಕ್ಕೆ ಹುಲ್ಲು ತರಲು ಬರಿಗಾಲಿನಲ್ಲಿ ಗುಡ್ಡೆಗೆ ಹೋಗಿ, ತಲೆಯ ಮೇಲೆ ಹೊರೆ ಹೊತ್ತು ಜಾರುವ ಇಳಿಜಾರಿನಲ್ಲಿ ಅಡ್ಡಡ್ಡ ಹೆಜ್ಜೆಯಿಟ್ಟು ಇಳಿಯುತ್ತಿದ್ದರು. ಯಾವ ಕಲ್ಲು ಅಲುಗುವುದು, ಯಾವ ತೋಡು ಮಳೆಗೆ ಉಕ್ಕುವುದು, ಎಷ್ಟು ಹೊತ್ತಿಗೆ ಮನೆಯ ಕಡೆ ತಿರುಗಬೇಕು ಎಂಬುದು ಅವರಿಗೆ ತಿಳಿದಿತ್ತು. ಆ ವಿದ್ಯೆಗೆ ಹೆಸರಿರಲಿಲ್ಲ, ಪುಸ್ತಕವಿರಲಿಲ್ಲ. ಗ್ಯಾಸಿನ ಒಲೆಯೂ ಡಾಮರು ರಸ್ತೆಯೂ ಬಂದ ಬಳಿಕ ಹೊರೆಯ ಕಷ್ಟ ತಪ್ಪಿತು. ಅದರೊಂದಿಗೆ ಆ ತಿಳುವಳಿಕೆಯೂ ಹೋಯಿತು.

ಆದರೆ ಬೆಟ್ಟಕ್ಕೆ ಹೋಗುವ ಆಸೆ ಹೋಗಲಿಲ್ಲ. ನಮ್ಮಲ್ಲಿ ಕಲಿತ ಹುಡುಗಿಯರು ಮುಂದೆ ಮಣಿಪಾಲ, ಮಂಗಳೂರು, ಬೆಂಗಳೂರುಗಳ ಕಾಲೇಜು ಕಚೇರಿಗಳನ್ನು ಸೇರಿ, ಶನಿವಾರ ಭಾನುವಾರಗಳಲ್ಲಿ ಗೆಳತಿಯರೊಡನೆ ಕುದುರೆಮುಖಕ್ಕೋ ಕೊಡಚಾದ್ರಿಗೋ ಹೊರಡುತ್ತಾರೆ. ಮುಂದಾಳಾಗಿ ಬರುವವರು ಹಲವು ಬಾರಿ ಅವರಿಗೆ ಹಿಂದಿನ ದಿನವಷ್ಟೇ ಪರಿಚಯವಾದವರು. ಆದುದರಿಂದ ನಮ್ಮ ಹೆಣ್ಣುಮಕ್ಕಳು ಬೆಟ್ಟಕ್ಕೆ ಹೋಗುವರೋ ಇಲ್ಲವೋ ಎಂಬುದು ಇಂದಿನ ಪ್ರಶ್ನೆಯಲ್ಲ. ತಿಳಿದು ಹೋಗುವರೋ ತಿಳಿಯದೆ ಹೋಗುವರೋ ಎಂಬುದೇ ಪ್ರಶ್ನೆ.

ಬಂಡೆಯ ಪಾಠ

ಇಂಗ್ಲಿಷಿನಲ್ಲಿ ಸ್ಕ್ರ್ಯಾಂಬ್ಲಿಂಗ್ ಎಂದು ಕರೆಯಲ್ಪಡುವ ವಿದ್ಯೆಯು ನಡಿಗೆಗೂ ಹಗ್ಗ ಕಟ್ಟಿ ಕಡಿದಾದ ಬಂಡೆ ಏರುವುದಕ್ಕೂ ನಡುವಿನದು. ಕಾಲು ಮಾತ್ರ ಸಾಲದೆ ಕೈಯನ್ನೂ ಊರಬೇಕಾದ ಕಡೆ ಅದು ಆರಂಭವಾಗುತ್ತದೆ. ಬಿದ್ದರೆ ಪ್ರಾಣಾಪಾಯವಾಗುವ ಕಡೆ ಅದು ಮುಗಿದು, ಹಗ್ಗದ ಕೆಲಸವೂ ತರಬೇತಾದ ಗುರುವೂ ಬೇಕಾಗುತ್ತವೆ. ಶಾಲೆಯ ಬಾಲಕಿಯರಿಗೆ ಕಲಿಸತಕ್ಕದ್ದು ಮೊದಲನೆಯದನ್ನು ಮಾತ್ರ. ಅದೂ ತಮ್ಮ ಎತ್ತರಕ್ಕಿಂತ ಹೆಚ್ಚಿಲ್ಲದ ಪಾದೆಗಳ ಮೇಲೆ, ಕೆಳಗೆ ಸಮನೆಲವಿರುವಲ್ಲಿ.

ಇದರ ಮೊದಲ ನಿಯಮ ಮೂರು ಆಧಾರಗಳದು. ಎರಡು ಕೈ, ಎರಡು ಕಾಲು ಈ ನಾಲ್ಕರಲ್ಲಿ ಯಾವಾಗಲೂ ಮೂರು ಬಂಡೆಯ ಮೇಲೆ ಭದ್ರವಾಗಿರಬೇಕು. ಒಂದನ್ನು ಮಾತ್ರ ಸರಿಸಬೇಕು. ಎರಡನೆಯದಾಗಿ, ಭಾರವನ್ನು ಕಾಲುಗಳು ಹೊರಬೇಕು. ಕೈಗಳು ಸಮತೂಕಕ್ಕಾಗಿ ಮಾತ್ರ. ಯಾಕಂದರೆ ತೋಳು ಬೇಗ ಸೋಲುತ್ತದೆ, ತೊಡೆ ಸೋಲುವುದಿಲ್ಲ. ಮೂರನೆಯದಾಗಿ, ಹಿಡಿಯುವ ಕಲ್ಲನ್ನು ಮೊದಲು ತಟ್ಟಿ ಅಲುಗಿಸಿ ನೋಡಬೇಕು. ಟೊಳ್ಳಾದ ಸದ್ದು ಬಂದರೆ ಅದನ್ನು ನಂಬಬಾರದು. ಹುಲ್ಲಿನ ಬುಡವನ್ನೂ ಒಣಗಿದ ಬೇರನ್ನೂ ಹಿಡಿಯಲೇ ಬಾರದು. ನಾಲ್ಕನೆಯದಾಗಿ, ಹೆದರಿದವಳು ಸಹಜವಾಗಿ ಬಂಡೆಯನ್ನು ಅಪ್ಪಿಕೊಳ್ಳುತ್ತಾಳೆ. ಆಗ ಅವಳ ಪಾದ ಅವಳಿಗೇ ಕಾಣದು, ಕಾಲೂ ಜಾರುವುದು. ಮೈಯನ್ನು ತುಸು ಹಿಂದಕ್ಕೆ ಹಿಡಿದು ನೆಟ್ಟಗೆ ನಿಂತವಳಿಗೆ ಹೆಜ್ಜೆಯಿಡುವ ತಾಣ ಕಾಣುತ್ತದೆ. ಮೊಣಕಾಲೂರುವ ಅಭ್ಯಾಸವನ್ನು ಮೊದಲ ದಿನವೇ ಬಿಡಿಸಬೇಕು.

ಇವೆಲ್ಲಕ್ಕೂ ಮೇಲಾದ ನಿಯಮ ಇನ್ನೊಂದುಂಟು. ಇಳಿಯಲಾಗದ್ದನ್ನು ಏರಬಾರದು. ಏರುವಾಗ ಕಣ್ಣು ಮುಂದಿರುತ್ತದೆ, ಉತ್ಸಾಹವಿರುತ್ತದೆ. ಇಳಿಯುವಾಗ ಕಾಲು ದಣಿದಿರುತ್ತದೆ, ಹೆಜ್ಜೆಯ ತಾಣ ಕಾಣದು. ಆದಕಾರಣ ಬಾಲಕಿಯರು ಒಂದಾಳೆತ್ತರ ಏರಿದೊಡನೆ ಅದನ್ನೇ ಇಳಿದು ತೋರಿಸಬೇಕು. ಕಡಿದಾದ ಕಡೆ ಬೆನ್ನನ್ನು ಹೊರಕ್ಕೂ ಮುಖವನ್ನು ಬಂಡೆಗೂ ಮಾಡಿ, ಏಣಿ ಇಳಿಯುವ ಹಾಗೆ ಇಳಿಯುವುದು ಕ್ಷೇಮ. ಒಬ್ಬಳ ಕೆಳಗೆ ಇನ್ನೊಬ್ಬಳು ನಿಲ್ಲಬಾರದು, ಕಲ್ಲು ಕಳಚಿದರೆ “ಕಲ್ಲು!” ಎಂದು ಗಟ್ಟಿಯಾಗಿ ಕೂಗತಕ್ಕದ್ದು.

ನಮ್ಮ ಸೀಮೆಯಲ್ಲಿ ಎರಡು ಬಗೆಯ ಕಲ್ಲುಗಳಿವೆ. ಪದವುಗಳ ಮುರಕಲ್ಲು ಒರಟಾಗಿ, ಒಣಗಿದಾಗ ಕಾಲಿಗೆ ಚೆನ್ನಾಗಿ ಹಿಡಿಯುತ್ತದೆ. ಆದರೆ ಅದರ ಅಂಚು ಪುಡಿಯಾಗಿ ಒಡೆಯುವುದುಂಟು. ಮಳೆಗಾಲದ ಪಾಚಿ ಕಟ್ಟಿದರೆ ಅದೇ ಕಲ್ಲು ಎಣ್ಣೆ ಹಚ್ಚಿದ ಹಾಗೆ ಜಾರುತ್ತದೆ. ಕಲ್ಲು ಕಡಿದು ಬಿಟ್ಟ ಕೋರೆಗಳು ಪದವಿನಲ್ಲಿ ಹುಲ್ಲಿನ ಮರೆಯಲ್ಲಿ ಬಾಯಿ ತೆರೆದಿರುತ್ತವೆ. ಅವು ಕಡಿದಾದ ಬಂಡೆಗಿಂತಲೂ ಅಪಾಯಕರ. ಎರಡನೆಯದು ಕರಿಗಲ್ಲು. 1432ರಲ್ಲಿ ಸ್ಥಾಪಿತವಾದ 42 ಅಡಿಯ ಗೊಮ್ಮಟನು ನಿಂತಿರುವ ಕಾರ್ಕಳದ ಬೆಟ್ಟವೂ, 1794ರಲ್ಲಿ ಟೀಪು ಸುಲ್ತಾನನು ಕೋಟೆ ಕಟ್ಟಿಸಿದ ಬೆಳ್ತಂಗಡಿಯ ಗಡಾಯಿಕಲ್ಲೂ ಇಂಥವು. ಈ ಎರಡು ಕಡೆಗಳಲ್ಲಿಯೂ ಮೆಟ್ಟಿಲು ಬಿಟ್ಟು ಬಂಡೆ ಹತ್ತುವುದು ಸಲ್ಲದು. ಮೆಟ್ಟಿಲಲ್ಲಿ ನಡೆದೇ ಕರಿಗಲ್ಲಿನ ಇಳಿಜಾರಿನ ಗುಣವನ್ನು ಅರಿಯಬಹುದು. ಅಂಥ ಕಡಿದಾದ ಬಂಡೆಗಳ ಬದಿಯಲ್ಲಿ ಹೆಜ್ಜೇನು ಕಟ್ಟುವುದರಿಂದ ಅಲ್ಲಿ ಕಿರಿಚಾಟವೂ ಹೊಗೆಯೂ ಕೂಡದು.

ದಿಕ್ಕಿನ ಪಾಠ

ಬಂಡೆ ಏರಲು ತಿಳಿದವಳೂ ತಾನು ಎಲ್ಲಿದ್ದೇನೆಂದು ತಿಳಿಯದಿದ್ದರೆ ಬೆಟ್ಟದಲ್ಲಿ ನಿರುಪಾಯಳೇ ಸರಿ. ದಿಕ್ಕಿನ ಮೊದಲ ಪಾಠಕ್ಕೆ ಯಾವ ಉಪಕರಣವೂ ಬೇಡ. ಕುಂಜಾರುಗಿರಿಯಂಥ ಎತ್ತರದ ಸ್ಥಳದಲ್ಲಿ, ದೇವಸ್ಥಾನಕ್ಕೆ ಬರುವವರಿಗೆ ಅಡ್ಡಿಯಾಗದಂತೆ ಮರ್ಯಾದೆಯಿಂದ ಒಂದು ಬದಿಗೆ ನಿಂತು, ಪಡುವಣ ಕಡಲು, ಮೂಡಣ ಘಟ್ಟ ಎಂದು ಗುರುತಿಸಿ, ನಡುವಣ ಹೊಳೆ, ತೋಟ, ರಸ್ತೆಗಳನ್ನು ಹೆಸರಿಸಿದರೆ ದಿಕ್ಕು ಮನಸ್ಸಿನಲ್ಲಿ ನೆಲೆಸುತ್ತದೆ.

ಸೂರ್ಯನನ್ನು ನೋಡಿ ದಿಕ್ಕು ಹೇಳುವುದರಲ್ಲಿ ಮಾತ್ರ ಎಚ್ಚರ ಬೇಕು. ಮಧ್ಯಾಹ್ನದ ನೆರಳು ಉತ್ತರವನ್ನು ತೋರಿಸುವುದೆಂದು ಶೀತದೇಶಗಳ ಪುಸ್ತಕಗಳಲ್ಲಿ ಬರೆದಿರುತ್ತದೆ. ನಾವಿರುವುದು ಉತ್ತರ ಅಕ್ಷಾಂಶ ಸುಮಾರು 13 ಅಂಶಗಳಲ್ಲಿ. ಏಪ್ರಿಲ್ ತಿಂಗಳ ಕೊನೆಯ ವಾರದಲ್ಲಿ ಸೂರ್ಯನು ನಮ್ಮ ನೆತ್ತಿಯನ್ನು ದಾಟಿ ಉತ್ತರಕ್ಕೆ ಸರಿದು, ಆಗಸ್ಟ್ ತಿಂಗಳ ನಡುವಿನ ತನಕ ಅಲ್ಲಿಯೇ ಇರುತ್ತಾನೆ. ಆ ದಿನಗಳಲ್ಲಿ ಮಧ್ಯಾಹ್ನದ ನೆರಳು ಬೀಳುವುದು ದಕ್ಷಿಣಕ್ಕೆ! ಮೇಲಾಗಿ ನಮ್ಮಲ್ಲಿ ಸೂರ್ಯನು ಮಧ್ಯಾಹ್ನದ ಎತ್ತರಕ್ಕೆ ಬರುವುದು ಗಡಿಯಾರದ 12 ಗಂಟೆಗಲ್ಲ, ಸುಮಾರು 12.30ಕ್ಕೆ, ಯಾಕಂದರೆ ಭಾರತದ ಗಡಿಯಾರವು ನಮ್ಮಿಂದ ಬಹಳ ಪೂರ್ವದಲ್ಲಿರುವ 82.5 ಅಂಶದ ರೇಖಾಂಶವನ್ನು ಅನುಸರಿಸುತ್ತದೆ. ಧ್ರುವನಕ್ಷತ್ರವೂ ನಮ್ಮಲ್ಲಿ ದಿಗಂತದಿಂದ ಸುಮಾರು 13 ಅಂಶಗಳಷ್ಟು ಮಾತ್ರ ಎತ್ತರದಲ್ಲಿದ್ದು, ಮರಗಳ ಮರೆಗೆ ಸೇರಿಬಿಡುತ್ತದೆ. ಪರದೇಶದ ಪಾಠವನ್ನು ನಮ್ಮ ನೆಲದ ಮೇಲೆ ಪರೀಕ್ಷಿಸದೆ ನಂಬಬಾರದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಇನ್ನು ನಕ್ಷೆಯ ವಿಷಯ. ನಮ್ಮ ದೇಶದ ಸರ್ವೇ ಇಲಾಖೆಯು 1767ರಲ್ಲಿ ಸ್ಥಾಪಿತವಾಯಿತು. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬವನು ಮದರಾಸಿನ ಬಳಿ ನೆಲವನ್ನು ಅಳೆದು, ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನಗಳನ್ನು ಹೂಡುತ್ತಾ ನಮ್ಮ ಪಶ್ಚಿಮ ಕರಾವಳಿಯನ್ನು ತಲಪಿದನು. ಅದುವರೆಗಿನ ನಕ್ಷೆಗಳು ಮದರಾಸಿನಿಂದ ಮಂಗಳೂರಿಗೆ ಸುಮಾರು 400 ಮೈಲಿ ಎಂದು ತೋರಿಸುತ್ತಿದ್ದವು. ಅಳತೆಯಲ್ಲಿ ಅದು ಸುಮಾರು 360 ಮೈಲಿ ಎಂದು ತಿಳಿದುಬಂತು. ಮಕ್ಕಳು ಬೇಸರದಿಂದ ಕಲಿಯುವ ತ್ರಿಕೋನದ ಲೆಕ್ಕವು ದೇಶದ ಅಗಲವನ್ನೇ ತಿದ್ದಿತೆಂದು ತಿಳಿದಾಗ ಅವರ ಮುಖ ಅರಳುವುದನ್ನು ನೋಡಬೇಕು.

ಇಂದಿನ ಸರ್ವೇ ನಕ್ಷೆಗಳಲ್ಲಿ ರೂಢಿಯಾದದ್ದು 50,000ಕ್ಕೆ 1 ಎಂಬ ಪ್ರಮಾಣದ್ದು. ಅದರಲ್ಲಿ 2 ಸೆಂಟಿಮೀಟರ್ ಎಂದರೆ ನೆಲದ ಮೇಲೆ 1 ಕಿಲೋಮೀಟರ್. ಸಮಾನ ಎತ್ತರದ ಸ್ಥಳಗಳನ್ನು ಸೇರಿಸುವ ಸಮೋನ್ನತ ರೇಖೆಗಳು ಅದರಲ್ಲಿ 20 ಮೀಟರ್ ಎತ್ತರಕ್ಕೊಂದರಂತೆ ಬರೆಯಲ್ಪಟ್ಟಿರುತ್ತವೆ. ರೇಖೆಗಳು ಒತ್ತೊತ್ತಾಗಿದ್ದರೆ ಕಡಿದು, ವಿರಳವಾಗಿದ್ದರೆ ಸಮ. ರೇಖೆಯ ಮೊನೆಯು ಎತ್ತರದ ಕಡೆಗೆ ಚಾಚಿದ್ದರೆ ಅದು ಕಣಿವೆ. ತಗ್ಗಿನ ಕಡೆಗೆ ಚಾಚಿದ್ದರೆ ಬೆಟ್ಟದ ಏಣು. ಆದರೆ ಎರಡು ರೇಖೆಗಳ ನಡುವೆ 15 ಮೀಟರಿನ ಕಡಿದಾದ ಬಂಡೆಯೊಂದು ಅಡಗಿರಬಹುದು. ನಕ್ಷೆಯಲ್ಲಿ ಅದು ಕಾಣದು. ನಕ್ಷೆಯನ್ನು ನಂಬಬೇಕು, ಕಣ್ಣನ್ನು ಮುಚ್ಚಬಾರದು.

ದಿಕ್ಸೂಚಿಯ ಮುಳ್ಳು ತೋರಿಸುವ ಉತ್ತರಕ್ಕೂ ನಕ್ಷೆಯ ಉತ್ತರಕ್ಕೂ ಕೆಲವು ದೇಶಗಳಲ್ಲಿ ಬಹಳ ಅಂತರವುಂಟು. ನಮ್ಮ ಕರಾವಳಿಯಲ್ಲಿ ಅದು ಒಂದೆರಡು ಅಂಶಗಳಷ್ಟೇ ಆದುದರಿಂದ ಕಲಿಯುವ ಮಕ್ಕಳಿಗೆ ತೊಡಕಿಲ್ಲ. ಅಲೆವೂರಿನಿಂದ ಕುದುರೆಮುಖವು ಪೂರ್ವಕ್ಕಿಂತ ತುಸು ದಕ್ಷಿಣಕ್ಕೆ, ಸುಮಾರು 110 ಅಂಶದಲ್ಲಿ, ನೇರವಾಗಿ ಅಳೆದರೆ 60 ಕಿಲೋಮೀಟರಿಗೆ ತುಸು ಕಡಿಮೆ ದೂರದಲ್ಲಿದೆ. ನಕ್ಷೆಯಲ್ಲಿ ಅಳೆದ ದಿಕ್ಕನ್ನು ಮುಳ್ಳಿನಿಂದ ಹಿಡಿದು ಶಿಖರವನ್ನು ಹುಡುಕುವುದು ಮಕ್ಕಳಿಗೆ ಒಳ್ಳೆಯ ಅಭ್ಯಾಸ. ಆದರೆ ಕುದುರೆಮುಖದ ಸೀಮೆಯಲ್ಲಿಯೇ ಒಂದು ಎಚ್ಚರಿಕೆ ಅಗತ್ಯ. ಅಲ್ಲಿನ ಬೆಟ್ಟಗಳಲ್ಲಿ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಅದಿರಿದೆ; 1976ರಲ್ಲಿ ಸ್ಥಾಪಿತವಾದ ಕಂಪನಿಯು ಅದನ್ನು ಅಗೆಯುತ್ತಿದ್ದು, ಸರ್ವೋಚ್ಚ ನ್ಯಾಯಾಲಯದ ಆಜ್ಞೆಯ ಮೇರೆಗೆ 2005ರ ಕೊನೆಗೆ ಗಣಿ ನಿಂತಿತು. ಅಂಥ ಕಲ್ಲಿನ ಹತ್ತಿರ ಮುಳ್ಳು ದಾರಿ ತಪ್ಪುವುದುಂಟು. ಕೈಯಲ್ಲಿರುವ ಫೋನು, ಚೂರಿ, ಕಬ್ಬಿಣದ ನೀರಿನ ಪಾತ್ರೆ ಇವೂ ಅದನ್ನು ಎಳೆಯಬಲ್ಲವು. ಮುಳ್ಳು ಹೇಳುವುದನ್ನು ನೆಲದ ಆಕಾರದೊಡನೆ ಸರಿಹೊಂದಿಸಿಯೇ ಒಪ್ಪತಕ್ಕದ್ದು.

“ಫೋನಿನಲ್ಲಿ ನಕ್ಷೆ ಇರುವಾಗ ಇದೆಲ್ಲ ಯಾಕೆ?” ಎಂದು ಮಕ್ಕಳು ಕೇಳುತ್ತಾರೆ. ಫೋನು ಒಳ್ಳೆಯ ಸಾಧನವೇ. ನಕ್ಷೆಯನ್ನು ಮನೆಯಲ್ಲಿಯೇ ಇಳಿಸಿಟ್ಟುಕೊಂಡರೆ, ಮಾತಾಡುವ ಸಂಪರ್ಕವಿಲ್ಲದ ಕಡೆಯಲ್ಲಿಯೂ ನಾವಿರುವ ತಾಣವನ್ನು ಅದು ಉಪಗ್ರಹಗಳ ಮೂಲಕ ತೋರಿಸುತ್ತದೆ. ಆದರೆ ಬ್ಯಾಟರಿ ಮುಗಿಯುತ್ತದೆ, ಮಳೆಗೆ ನೆನೆಯುತ್ತದೆ, ಕೈಯಿಂದ ಜಾರುತ್ತದೆ. ಅದನ್ನು ಜೊತೆಗಾತಿಯಾಗಿ ಇಟ್ಟುಕೊಳ್ಳಬೇಕೇ ಹೊರತು ಯಜಮಾನಿಯಾಗಿ ಅಲ್ಲ.

ಹೊತ್ತಿನ ಪಾಠ

ಬೆಟ್ಟದಲ್ಲಿ ಕೆಡುಕು ಬರುವುದು ಹಲವು ಬಾರಿ ಬಂಡೆಯಿಂದಲ್ಲ, ಹೊತ್ತು ಮೀರುವುದರಿಂದ. 1892ರಲ್ಲಿ ಸ್ಕಾಟ್ಲೆಂಡಿನ ನೇಸ್ಮಿತ್ ಎಂಬವರು ಒಂದು ಸುಲಭ ಸೂತ್ರವನ್ನು ಕೊಟ್ಟರು. 5 ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. 10 ಕಿಲೋಮೀಟರ್ ದೂರವೂ 900 ಮೀಟರ್ ಏರಿಕೆಯೂ ಇರುವ ದಾರಿಯೆಂದರೆ ಎರಡು ಗಂಟೆಗೆ ಒಂದೂವರೆ ಗಂಟೆ ಕೂಡಿ ಮೂರೂವರೆ ಗಂಟೆ. ಇದು ಗಟ್ಟಿಗರ ಲೆಕ್ಕ, ವಿಶ್ರಾಂತಿ ಸೇರದ ಲೆಕ್ಕ. ನಮ್ಮ ಸೆಕೆಗೂ ಮಕ್ಕಳ ಕಾಲಿಗೂ ಅದಕ್ಕೆ ಅರ್ಧವನ್ನಾದರೂ ಸೇರಿಸಿದರೆ ಐದೂಕಾಲು ಗಂಟೆಯಾಗುತ್ತದೆ. ಬೆಳಗ್ಗೆ 7ಕ್ಕೆ ಹೊರಟವರು ಶಿಖರ ಮುಟ್ಟುವಾಗ 12.15, ಇಳಿಯಲು ನಾಲ್ಕೈದು ಗಂಟೆ ಬೇಕು. ಡಿಸೆಂಬರಿನಲ್ಲಿ ಸುಮಾರು 6 ಗಂಟೆಗೆ ಸೂರ್ಯಾಸ್ತ. ನಮ್ಮ ಸೀಮೆಯಲ್ಲಿ ಸಂಜೆಬೆಳಕು ಅರ್ಧ ಗಂಟೆಯೂ ನಿಲ್ಲುವುದಿಲ್ಲ, ಕಾಡಿನೊಳಗೆ ಅದಕ್ಕಿಂತ ಮೊದಲೇ ಕತ್ತಲೆ. ಆದ್ದರಿಂದ ಹೊರಡುವ ಮೊದಲೇ ತಿರುಗುವ ಗಂಟೆಯನ್ನು ಗೊತ್ತುಮಾಡಿ ಎಲ್ಲರಿಗೂ ಹೇಳಬೇಕು. ಆ ಗಂಟೆ ಬಂದಾಗ ಶಿಖರವು ನೂರು ಹೆಜ್ಜೆ ಮುಂದಿದ್ದರೂ ತಿರುಗಬೇಕು.

ದಾರಿ ತಪ್ಪಿದರೆ ತೋಡಿನ ಜಾಡು ಹಿಡಿದು ಇಳಿ, ಊರು ಸಿಗುತ್ತದೆ ಎಂಬ ಮಾತನ್ನು ಹಲವರು ಹೇಳುತ್ತಾರೆ. ನಮ್ಮ ಘಟ್ಟದಲ್ಲಿ ಈ ಮಾತು ಪ್ರಾಣಕ್ಕೆ ಎರವಾಗಬಹುದು. ಘಟ್ಟದ ಪಡುವಣ ಬದಿಯು ಗೋಡೆಯಂತೆ ಕಡಿದಾಗಿರುವುದರಿಂದ ತೊರೆಗಳು ಜಲಪಾತಗಳಾಗಿ ಧುಮುಕುತ್ತವೆ. ನಮ್ಮ ಬಯಲಿನಲ್ಲಿ ಶಾಂತವಾಗಿ ಹರಿಯುವ ಸೀತಾನದಿಯೇ ಆಗುಂಬೆಯ ಬಳಿ ಬರ್ಕಣದಲ್ಲಿ ಆಳವಾದ ಕಮರಿಗೆ ಬೀಳುತ್ತದೆ. ತೊರೆಯನ್ನು ನಂಬಿ ಇಳಿದವಳು ಬಂಡೆಯ ತುದಿಯಲ್ಲಿ ನಿಲ್ಲುವಳು. ಹಿಂದಕ್ಕೆ ಏರಲು ಶಕ್ತಿಯೂ ಬೆಳಕೂ ಉಳಿದಿರದು. ಏಣಿನ ಮೂಡಣ ಬದಿಗೆ ತಪ್ಪಿ ಇಳಿದರೋ, ಆ ನೀರು ಭದ್ರೆಯನ್ನು ಸೇರಿ ಬಂಗಾಳ ಕೊಲ್ಲಿಯ ಕಡೆಗೆ ಹೋಗುತ್ತದೆ. ಅವಳು ತನ್ನ ಜಿಲ್ಲೆಯನ್ನೇ ಬಿಟ್ಟು ಹೋದ ಹಾಗಾಯಿತು. ಮಂಜು ಕವಿದಾಗ ಇಂಥ ತಪ್ಪಿಗೆ ಹತ್ತು ನಿಮಿಷ ಸಾಕು.

ಹಾಗಾದರೆ ಏನು ಮಾಡಬೇಕು? ಸಂಶಯ ಬಂದ ಕ್ಷಣವೇ ನಿಲ್ಲಬೇಕು. ನಿಶ್ಚಯವಾಗಿ ತಿಳಿದಿದ್ದ ಕೊನೆಯ ಗುರುತಿಗೆ ಬಂದ ದಾರಿಯಲ್ಲಿಯೇ ಮರಳಬೇಕು. ಅದೂ ತಿಳಿಯದಿದ್ದರೆ ಎಲ್ಲರೂ ಒಂದೇ ಕಡೆ ಕೂತು, ಮೈ ಬೆಚ್ಚಗಿಟ್ಟುಕೊಂಡು, ಸೀಟಿ ಊದಬೇಕು. ಒಂದು ನಿಮಿಷದಲ್ಲಿ ಆರು ಸಲ ಊದಿ, ಒಂದು ನಿಮಿಷ ಬಿಟ್ಟು, ಪುನಃ ಆರು ಸಲ ಊದುವುದು ಬೆಟ್ಟದಲ್ಲಿ ರೂಢಿಯಾದ ಸಂಕಟದ ಸಂಜ್ಞೆ. ಮೂರು ಸಲ ಊದುವುದು ಅದಕ್ಕೆ ಉತ್ತರ. ಫೋನು ತಗಲುವ ಕಡೆಯಾದರೆ 112ಕ್ಕೆ ಕರೆ ಮಾಡಬೇಕು. ಏಪ್ರಿಲ್, ಮೇ, ಅಕ್ಟೋಬರ್ ತಿಂಗಳುಗಳ ಮಧ್ಯಾಹ್ನ ಗುಡುಗು ಕೇಳಿದೊಡನೆ ಏಣನ್ನು ಬಿಟ್ಟು ಕೆಳಗಿಳಿಯಬೇಕು. ಒಂಟಿ ಮರದ ಕೆಳಗೆ ನಿಲ್ಲಬಾರದು.

ಕಳೆದುಹೋದ ಕುರಿಯ ಸಾಮ್ಯವು ನಮ್ಮ ಶಾಲೆಯಲ್ಲಿ ಕಲಿತವರಿಗೆಲ್ಲ ಗೊತ್ತು. ಅದರಲ್ಲಿ ಕುರುಬನ ಪ್ರೀತಿಯನ್ನು ನಾವು ಕೊಂಡಾಡುತ್ತೇವೆ. ಆದರೆ ಒಂದು ಕುರಿ ಇಲ್ಲವೆಂದು ಅವನಿಗೆ ತಿಳಿದದ್ದು ಅವನು ಎಣಿಸಿದ್ದರಿಂದ ಎಂಬುದನ್ನು ಮರೆಯುತ್ತೇವೆ. ಬೆಟ್ಟದ ಮುಂದಾಳಿಗೆ ಇದೇ ಮೊದಲ ಧರ್ಮ. ಹೊರಡುವಾಗ, ಪ್ರತಿ ತಿರುವಿನಲ್ಲಿ, ಪ್ರತಿ ತೊರೆಯನ್ನು ದಾಟಿದ ಮೇಲೆ ತಲೆ ಎಣಿಸಬೇಕು. ಗುಂಪಿನ ವೇಗವು ಅತಿ ನಿಧಾನಿಯಾದವಳ ವೇಗವಾಗಿರಬೇಕು. ಕೊನೆಯಲ್ಲಿ ನಡೆಯುವವಳು ನಂಬಿಗಸ್ತಳಾಗಿರಬೇಕು.

ಈಗ ತಾಯಿತಂದೆಗಳ ಪ್ರಶ್ನೆಗೆ ಮರಳುವೆನು. ಈ ಶಿಕ್ಷಣದಿಂದ ನಾವು ಎಲ್ಲಕ್ಕಿಂತ ಹೆಚ್ಚಾಗಿ ಬಯಸುವ ಫಲ ಶಿಖರವಲ್ಲ. ಉತ್ತರಕಾಶಿಯಲ್ಲಿ 1965ರಲ್ಲಿ ಆರಂಭವಾದ ಪರ್ವತಾರೋಹಣ ಸಂಸ್ಥೆಯಲ್ಲಿ ತರಬೇತಾದ ಬಚೇಂದ್ರಿ ಪಾಲ್ ಅವರು 1984ರ ಮೇ 23ರಂದು ಎವರೆಸ್ಟನ್ನು ಏರಿದ ಪ್ರಥಮ ಭಾರತೀಯ ಮಹಿಳೆಯಾದರು. ಅಂಥವರು ನಮ್ಮಲ್ಲಿಯೂ ಹುಟ್ಟಿದರೆ ಸಂತೋಷವೇ. ಆದರೆ ನಮಗೆ ಬೇಕಾದದ್ದು ಅದಕ್ಕಿಂತ ಸಣ್ಣದೂ ಕಷ್ಟವಾದದ್ದೂ ಆದ ಒಂದು ಗುಣ. ಹತ್ತು ಮಂದಿ “ಇನ್ನು ಸ್ವಲ್ಪವೇ, ನಡೆಯಿರಿ” ಎನ್ನುವಾಗ, ಗಡಿಯಾರವನ್ನೂ ನಕ್ಷೆಯನ್ನೂ ಮೋಡವನ್ನೂ ನೋಡಿದ ಒಬ್ಬ ಹುಡುಗಿಯು “ಇಲ್ಲ, ತಿರುಗೋಣ” ಎಂದು ಹೇಳಬಲ್ಲವಳಾಗಬೇಕು. ಹೆಣ್ಣುಮಕ್ಕಳಿಗೆ ಸುಮ್ಮನೆ ಹಿಂಬಾಲಿಸುವುದನ್ನು ನಾವು ಬಹುಕಾಲ ಕಲಿಸಿದ್ದೇವೆ. ಕಾರಣ ಸಹಿತವಾಗಿ ಬೇಡವೆನ್ನುವುದನ್ನು ಕಲಿಸಿಲ್ಲ. ಗುಂಪಿಗೆ ನಾಚಿ ಬಾಯಿ ಮುಚ್ಚಿಕೊಂಡವಳಿಗೆ ಬೆಟ್ಟದಲ್ಲಿ ರಕ್ಷಣೆಯಿಲ್ಲ. ತಾನು ಎಲ್ಲಿದ್ದೇನೆಂದು ತಿಳಿದವಳಿಗೆ ಮಾತ್ರ ಹಾಗೆ ಹೇಳುವ ಧೈರ್ಯ ಬರುತ್ತದೆ. ಆ ತಿಳುವಳಿಕೆಯನ್ನು ಕೊಡುವುದು ಶಾಲೆಯ ಕೆಲಸ.

ಆದಕಾರಣ ನಿಮ್ಮಲ್ಲಿ ನನ್ನ ಬಿನ್ನಹ ಇಷ್ಟೇ. ಮಳೆಗಾಲದ ನಾಲ್ಕು ತಿಂಗಳು ಬಂಡೆಯ ಪಾಠ ಬೇಡ. ಆಗ ನಕ್ಷೆಯ ಪಾಠ ನಡೆಯಲಿ. ಕುದುರೆಮುಖವು 1987ರಿಂದ ರಾಷ್ಟ್ರೀಯ ಉದ್ಯಾನವಾಗಿರುವುದರಿಂದ ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಯಾರೂ ಅಲ್ಲಿಗೆ ಹೋಗಬಾರದು. ಮಗಳಿಗೆ ಹಿಡಿತವುಳ್ಳ ಪಾದರಕ್ಷೆ, ಎರಡು ಲೀಟರ್ ನೀರು, ಬುತ್ತಿ, ಸೀಟಿ, ಟಾರ್ಚು, ಇಂಬಳಕ್ಕೆ ಉಪ್ಪು, ಒಂದು ಬೆಚ್ಚಗಿನ ಬಟ್ಟೆ ಕೊಟ್ಟು ಕಳುಹಿಸಿರಿ. ಹೋಗುವ ದಾರಿಯನ್ನೂ ಮರಳುವ ಹೊತ್ತನ್ನೂ ಬರೆಸಿ ಮನೆಯಲ್ಲಿ ಇಟ್ಟುಕೊಳ್ಳಿರಿ. ಅವಳು ಶಿಖರ ಮುಟ್ಟದೆ ಮರಳಿ ಬಂದ ದಿನ “ಇಷ್ಟು ದೂರ ಹೋಗಿ ಇದೇನು?” ಎಂದು ಹಾಸ್ಯಮಾಡಬೇಡಿರಿ, ಯಾಕೆ ತಿರುಗಿದೆಯೆಂದು ಕೇಳಿರಿ. ಹಳೆಯ ವಿದ್ಯಾರ್ಥಿನಿಯರಾದ ನೀವು ವರುಷಕ್ಕೊಂದು ದಿನವಾದರೂ ಬಂದು ಮಕ್ಕಳ ಗುಂಪಿನ ಕೊನೆಯಲ್ಲಿ ನಡೆಯಿರಿ. ಸೊಪ್ಪಿಗೆ ಗುಡ್ಡೆಗೆ ಹೋದ ನೆನಪುಳ್ಳ ಅಜ್ಜಿಯರು ಮನೆಯಲ್ಲಿದ್ದರೆ ಅವರನ್ನೂ ಕರೆತನ್ನಿರಿ. ಇಳಿಜಾರಿನಲ್ಲಿ ಹೆಜ್ಜೆಯಿಡುವುದನ್ನು ಅವರಿಗಿಂತ ಚೆನ್ನಾಗಿ ಕಲಿಸುವವರು ನಮ್ಮಲ್ಲಿ ಇಲ್ಲ.